ಬರೆದ ಪ್ರೋಗ್ರಾಂ ಎಲ್ಲಿ ಓಡಬೇಕು: ಕಂಪ್ಯೂಟರ್ ಮತ್ತು ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ

ಎಂಜಿನಿಯರಿಂಗ್ ಮತ್ತು ಬಿಸಿಎ ಪ್ರವೇಶಗಳು ಮುಗಿಯುವ ಹೊತ್ತಿಗೆ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಪ್ರತಿ ವರ್ಷ ಕೆಲವು ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಾನು ಬಹಳ ವರ್ಷಗಳಿಂದ ಇಲ್ಲಿಂದಲೇ ತಂತ್ರಾಂಶದ ಕೆಲಸ ಮಾಡುತ್ತಿರುವುದರಿಂದ ನನ್ನನ್ನು ಕೇಳಿದರೆ ತಿಳಿದೀತು ಎಂಬ ನಂಬಿಕೆ ಅವರದು. ಕಳೆದ ಸಲ ಬೀಳಗಿ ಕಡೆಯ ರೈತರೊಬ್ಬರು, ಬಾಕಿಯಿದ್ದ ಕಬ್ಬಿನ ಬಿಲ್ಲು ಕೈಗೆ ಬಂದ ವಾರವೇ, ಮಗಳೊಂದಿಗೆ ಬಂದು ಕುಳಿತು ಕೇಳಿದರು: “ಸರ, ಇಕಿಗೆ ಲ್ಯಾಪ್‌ಟಾಪ್ ಕೊಡಸಬೇಕಾಗೈತ್ರಿ. ಯಾವ ಕಂಪನೀದು ಛಲೋ ಐತಿ, ಅದೊಂದು ಹೇಳಿಬಿಡ್ರಿ.”

ಒಂದು ಕಂಪನಿಯ ಹೆಸರು ಹೇಳಿ ಕಳುಹಿಸುವುದು ಸುಲಭ. ಆದರೆ ಒಂದೇ ಕಂಪನಿ ಹತ್ತಾರು ಬಗೆಯ ಲ್ಯಾಪ್‌ಟಾಪ್‌ಗಳನ್ನು ಮಾರುತ್ತದೆ. ಅವುಗಳಲ್ಲಿ ಐದು ವರ್ಷ ಜೊತೆಗಿರುವವೂ ಇವೆ, ಆರು ತಿಂಗಳಲ್ಲಿ ಕೆಲಸವೇ ಬೇಡವೆನಿಸುವಂತೆ ಮಾಡುವವೂ ಇವೆ. ಆದ್ದರಿಂದ ನಾನು ಮಗಳ ಕಡೆ ತಿರುಗಿ, “ನೀ ಮುಂದ ಏನ ಬರೀಬೇಕಂತ ಮಾಡೀದಿ ತಂಗಿ? ಮೊಬೈಲ್ ಆ್ಯಪೋ, ವೆಬ್‌ಸೈಟೋ, ಮತ್ತೇನರೆ ಐತೋ?” ಎಂದು ಕೇಳಿದೆ. “ಅದಿನ್ನಾ ಗೊತ್ತಿಲ್ರಿ ಸರ” ಎಂದಳು. ಮೊದಲ ವರ್ಷದ ಹೆಚ್ಚಿನ ವಿದ್ಯಾರ್ಥಿಗಳ ಪ್ರಾಮಾಣಿಕ ಉತ್ತರ ಅದೇ. ಗುಳೇದಗುಡ್ಡದಲ್ಲಿ ಖಣ ನೇಯುವ ಮಗ್ಗದ ಅಗಲ ಬೇರೆ, ಇಳಕಲ್ಲಿನಲ್ಲಿ ಸೀರೆ ನೇಯುವ ಮಗ್ಗದ ಅಗಲ ಬೇರೆ. ಯಾವ ಬಟ್ಟೆ ಎಂಬುದು ಗೊತ್ತಾದ ಮೇಲೆಯೇ ಮಗ್ಗದ ಮಾತು. ಕಂಪ್ಯೂಟರಿನ ವಿಷಯದಲ್ಲಿಯೂ ಮೊದಲ ಪ್ರಶ್ನೆ, ನಾವು ಬರೆಯುವ ಪ್ರೋಗ್ರಾಂ ಕೊನೆಗೆ ಎಲ್ಲಿ ಓಡಬೇಕು ಎಂಬುದು. ಅದಿನ್ನೂ ಗೊತ್ತಿಲ್ಲದವರು ಯಾವ ದಾರಿಯನ್ನೂ ಮುಚ್ಚದಂಥ ಯಂತ್ರವನ್ನು ಆರಿಸಬೇಕು.

ಎಲ್ಲರೂ ಆಪರೇಟಿಂಗ್ ಸಿಸ್ಟಂ ಎಂದು ಕರೆಯುವ ಕಾರ್ಯಾಚರಣ ವ್ಯವಸ್ಥೆ, ಅದು ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್‌ಓಎಸ್ ಇರಲಿ, ಪ್ರೋಗ್ರಾಮಿಗೂ ಯಂತ್ರಕ್ಕೂ ನಡುವೆ ನಿಂತಿರುತ್ತದೆ. ನಾವು ಬರೆದ ಪ್ರೋಗ್ರಾಂ ತಾನಾಗಿ ಡಿಸ್ಕನ್ನು ಮುಟ್ಟುವುದಿಲ್ಲ, ತಾನಾಗಿ ನೆಟ್‌ವರ್ಕಿಗೆ ಏನನ್ನೂ ಕಳುಹಿಸುವುದಿಲ್ಲ. ಈ ಕಡತ ತೆರೆದುಕೊಡು, ಇಷ್ಟು ಮೆಮೊರಿ ಕೊಡು ಎಂದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ ಅನ್ನು ಕೇಳಿಕೊಳ್ಳುತ್ತದೆ. ಕೇಳಿಕೊಳ್ಳುವ ಈ ರೀತಿ ವಿಂಡೋಸಿನಲ್ಲಿ ಒಂದು, ಲಿನಕ್ಸಿನಲ್ಲಿ ಮತ್ತೊಂದು. ವಿಂಡೋಸಿಗಾಗಿ ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಇಳಿಸಿದ, ಸಿ ಪ್ರೋಗ್ರಾಂ ಲಿನಕ್ಸಿನಲ್ಲಿ ನೇರವಾಗಿ ಓಡದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಪೈಥಾನ್, ಜಾವಾ ಮುಂತಾದ ಭಾಷೆಗಳು ಈ ವ್ಯತ್ಯಾಸವನ್ನು ಬಹಳಮಟ್ಟಿಗೆ ಮರೆಮಾಡುತ್ತವೆ, ಆದರೆ ಪೂರ್ತಿಯಾಗಿ ಅಲ್ಲ.

ಯಂತ್ರ ಮತ್ತು ವ್ಯವಸ್ಥೆ ಬದಲಾದರೆ ಉತ್ತರವೇ ಬದಲಾದೀತು ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಉದಾಹರಣೆ ಟರ್ಬೋ ಸಿ. ವಿಂಡೋಸಿಗಿಂತ ಹಿಂದಿನ ಡಾಸ್ ವ್ಯವಸ್ಥೆಯ ಕಾಲದ ಈ ಕಂಪೈಲರ್ ಅನೇಕ ಪ್ರಯೋಗಾಲಯಗಳಲ್ಲಿ ಬಹುಕಾಲ ಉಳಿದುಕೊಂಡಿತು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲವಾದ್ದರಿಂದ ಅದನ್ನು ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ಇಟ್ಟು ನಡೆಸಬೇಕಾಯಿತು. ಅದರಲ್ಲಿ ‘ಇಂಟ್’ ಎಂಬ ಪೂರ್ಣಾಂಕಕ್ಕೆ ಎರಡೇ ಬೈಟ್ ಜಾಗ, ಹಾಗಾಗಿ ಅದು ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 32,767. ಅಂಥ ಇಂಟ್‌ನಲ್ಲಿ 20,000ಕ್ಕೆ 20,000 ಕೂಡಿಸಿದರೆ ಪರದೆಯ ಮೇಲೆ 40,000 ಬರುವ ಬದಲು ಮೈನಸ್ 25,536 ಬರುತ್ತದೆ. ಅದೇ ಸಾಲುಗಳನ್ನು ಇಂದಿನ ಜಿಸಿಸಿ ಕಂಪೈಲರಿಗೆ ಕೊಟ್ಟರೆ ಇಂಟ್‌ಗೆ ನಾಲ್ಕು ಬೈಟ್ ಸಿಗುವುದರಿಂದ ಲೆಕ್ಕ ಸರಿಯಾಗಿ ಬರುತ್ತದೆ. ಪ್ರಯೋಗಾಲಯದಲ್ಲಿ ಏನೇ ಇರಲಿ, ಮನೆಯ ಕಂಪ್ಯೂಟರಿನಲ್ಲಿ ಜಿಸಿಸಿ ಹಾಕಿಕೊಂಡು ಕಲಿಯಿರಿ ಎಂದು ನಾನು ಮಕ್ಕಳಿಗೆ ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಮುಂದೆ ಮರೆಯಬೇಕಾದ ಅಭ್ಯಾಸವನ್ನು ಈಗ ಬೆಳೆಸಿಕೊಳ್ಳುವುದರಿಂದ ಅವರ ಸಮಯವೇ ವ್ಯರ್ಥವಾಗುತ್ತದೆ.

ಇಂದು ಬರೆಯುವ ಪ್ರೋಗ್ರಾಂಗಳು ಓಡುವ ಕಡೆಗಳಲ್ಲಿ, ಅದರಲ್ಲೂ ಜಾಲದ ಮೂಲಕ ಅನೇಕರಿಗೆ ಸೇವೆ ಕೊಡುವ ಸರ್ವರ್‌ಗಳಲ್ಲಿ ಮತ್ತು ಬಾಡಿಗೆಗೆ ಸಿಗುವ ಕ್ಲೌಡ್ ಯಂತ್ರಗಳಲ್ಲಿ, ಲಿನಕ್ಸಿನದೇ ಮೇಲುಗೈ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು ಆರಂಭಿಸಿದರು. ಅದರಂತೆಯೇ ನಡೆಯುವ, ಎಲ್ಲರೂ ಓದಿ ತಿದ್ದಬಹುದಾದ ವ್ಯವಸ್ಥೆಯೊಂದು ಬೇಕೆಂದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನಲ್ ಅದಕ್ಕೆ ಕೂಡಿಕೊಂಡಿತು. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಈಚೆಗೆ ಲಿನಕ್ಸ್ ಅಲ್ಲದ ಒಂದು ಯಂತ್ರವೂ ಇಲ್ಲ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. 2013ರಲ್ಲಿ ಬಂದ ಡಾಕರ್, ಅಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲ ಸಲಕರಣೆಯೊಂದಿಗೆ ಒಂದು ಡಬ್ಬಿಯಲ್ಲಿ ಕಟ್ಟಿ ಕಳುಹಿಸುವ ವಿಧಾನ, ಲಿನಕ್ಸ್ ಕರ್ನಲ್ಲಿನ ಸೌಲಭ್ಯಗಳ ಮೇಲೆಯೇ ನಿಂತಿದೆ. ಅಂಥ ಡಬ್ಬಿಗಳನ್ನು ವಿಂಡೋಸಿನಲ್ಲೋ ಮ್ಯಾಕ್‌ನಲ್ಲೋ ಓಡಿಸಿದಾಗ ತೆರೆಯ ಹಿಂದೆ ಒಂದು ಸಣ್ಣ ಲಿನಕ್ಸ್ ಓಡುತ್ತಿರುತ್ತದೆ.

ಇದಕ್ಕೆ ಹೊರತಾದ ಎರಡು ಕ್ಷೇತ್ರಗಳಿವೆ. ಐಫೋನಿನ ಆ್ಯಪ್ ಬರೆಯುವವರಿಗೆ ಆಪಲ್‌ನ ಎಕ್ಸ್‌ಕೋಡ್ ಬೇಕೇ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ವಿಂಡೋಸಿನಲ್ಲೇ ಓಡಬೇಕಾದ ಕಚೇರಿ ತಂತ್ರಾಂಶ ಮತ್ತು ಆಟಗಳನ್ನು ಬರೆಯುವವರಿಗೆ ವಿಂಡೋಸೇ ಸರಿ. ಆಂಡ್ರಾಯ್ಡ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಮೂರೂ ಕಡೆ ನಡೆಯುತ್ತದೆ.

ಕನ್ನಡದಲ್ಲಿ ಕೆಲಸ ಮಾಡಬೇಕೆನ್ನುವವರು ಕಾರ್ಯಾಚರಣ ವ್ಯವಸ್ಥೆಯ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಕಾಣುತ್ತಾರೆ, ಮತ್ತು ಇದನ್ನು ತುಸು ಬಿಡಿಸಿ ಹೇಳುವುದು ಅಗತ್ಯವೆಂದು ನನಗೆ ತೋರುತ್ತದೆ. ಪೈಥಾನಿನಲ್ಲಿ ಒಂದು ಕಡತ ತೆರೆದು ಅದರಲ್ಲಿ ‘ಬಾಗಲಕೋಟೆ’ ಎಂಬ ಪದವನ್ನು ಬರೆಯುವ ಎರಡು ಸಾಲಿನ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಕಣ್ಣಿಗೆ ಈ ಪದದಲ್ಲಿ ಐದು ಅಕ್ಷರ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಬ, ಅದರ ಆ ಕಾರದ ಇಳಿ, ಗ, ಲ, ಕ, ಅದರ ಓ ಕಾರ, ಟ, ಅದರ ಎ ಕಾರ, ಹೀಗೆ ಎಂಟು ಸಂಕೇತಗಳು. ಪದದ ಉದ್ದ ಎಷ್ಟೆಂದು ಪೈಥಾನನ್ನು ಕೇಳಿದರೆ ಅದು ಹೇಳುವುದು ಎಂಟು. ಈ ಸಂಕೇತಗಳನ್ನು ಡಿಸ್ಕಿನ ಮೇಲೆ ಬೈಟುಗಳಾಗಿ ಇಳಿಸುವ ಇಂದಿನ ಸರ್ವಮಾನ್ಯ ಕ್ರಮ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಒಟ್ಟು 24 ಬೈಟ್ ಆಯಿತು. ಲಿನಕ್ಸಿನಲ್ಲಿ ಆ ಪ್ರೋಗ್ರಾಮನ್ನು ಓಡಿಸಿದರೆ 24 ಬೈಟಿನ ಕಡತ ಸದ್ದಿಲ್ಲದೆ ತಯಾರಾಗುತ್ತದೆ. ಅದೇ ಪ್ರೋಗ್ರಾಂ, ಒಂದು ಅಕ್ಷರವನ್ನೂ ಬದಲಿಸದೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇಂಗ್ಲಿಷ್ ವಿಂಡೋಸಿನಲ್ಲಿ ಓಡಿಸಿದರೆ ಎನ್‌ಕೋಡಿಂಗ್ ದೋಷವೆಂಬ ಕೆಂಪು ಸಾಲುಗಳು ಬಂದು ಕೆಲಸ ನಿಂತುಬಿಡುತ್ತದೆ.

ಕಾರಣ ಹೀಗಿದೆ. ಕಡತವನ್ನು ಯಾವ ಕ್ರಮದಲ್ಲಿ ಬರೆಯಬೇಕೆಂದು ನಾವು ಹೇಳದಿದ್ದಾಗ ಪೈಥಾನಿನ ಈವರೆಗಿನ ಬಹುತೇಕ ಆವೃತ್ತಿಗಳು ಕಾರ್ಯಾಚರಣ ವ್ಯವಸ್ಥೆಯ ರೂಢಿಯನ್ನೇ ಹಿಡಿಯುತ್ತವೆ. ಲಿನಕ್ಸಿನ ರೂಢಿ ಯುಟಿಎಫ್-8. ವಿಂಡೋಸಿನದು ಹಳೆಯ 1252 ಎಂಬ ಸಂಕೇತ ಪಟ್ಟಿ. ಅದರಲ್ಲಿರುವುದು ಪಶ್ಚಿಮ ಯೂರೋಪಿನ ಅಕ್ಷರಗಳು, 256 ಮನೆಗಳ ಆ ಪಟ್ಟಿಯಲ್ಲಿ ಕನ್ನಡಕ್ಕೆ ಒಂದು ಮನೆಯೂ ಇಲ್ಲ. ಕಡತ ತೆರೆಯುವಾಗಲೇ ಯುಟಿಎಫ್-8 ಬೇಕೆಂದು ಒಂದು ಮಾತು ಸೇರಿಸಿದರೆ ಎರಡೂ ಕಡೆ ಸರಿಹೋಗುತ್ತದೆ. ಆದರೆ ಅದು ಗೊತ್ತಿಲ್ಲದ ವಿದ್ಯಾರ್ಥಿ ಏನೆಂದುಕೊಳ್ಳುತ್ತಾನೆ? ಕನ್ನಡದಲ್ಲಿ ಪ್ರೋಗ್ರಾಮಿಂಗ್ ಆಗುವುದಿಲ್ಲ ಎಂದುಕೊಳ್ಳುತ್ತಾನೆ. ಹಾಗೆ ಅಂದುಕೊಂಡು ಊರಿನ ಹೆಸರು, ಬೆಳೆಯ ಹೆಸರು ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯುವುದಕ್ಕೆ ಇಳಿದ ಹುಡುಗರನ್ನು ನಾನು ಕಂಡಿದ್ದೇನೆ, ಮತ್ತು ಅದು ನನಗೆ ನಿಜವಾಗಿ ನೋವು ತರುತ್ತದೆ. ಈ ಲೇಖನದಲ್ಲಿ ಮುಂದೆ ಬರುವ ‘ರ‍್ಯಾಮ್’ ಎಂಬ ಪದದೊಳಗೂ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಅಡಗಿದೆ; ಅದನ್ನು ತೆಗೆದರೆ ಪದ ‘ರ್ಯಾಮ್’ ಎಂದು ಅರ್ಕಾವೊತ್ತಿನ ರೂಪಕ್ಕೆ ತಿರುಗುತ್ತದೆ, ಹುಡುಕಾಟದಲ್ಲಿ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗದೆ ಹೋಗಬಹುದು. ಕನ್ನಡ ಪಠ್ಯವನ್ನು ಸಂಸ್ಕರಿಸುವವರು ಇಂಥವನ್ನೆಲ್ಲ ಬಲ್ಲವರಾಗಿರಬೇಕು.

ಇನ್ನೊಂದು ವ್ಯತ್ಯಾಸ ಚಿಕ್ಕದು, ಆದರೆ ಪದೇ ಪದೇ ಕಾಡುವಂಥದ್ದು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರವನ್ನು ವಿಂಡೋಸ್ ಒಂದೇ ಎಂದು ನೋಡುತ್ತದೆ, ಲಿನಕ್ಸ್ ಬೇರೆ ಬೇರೆ ಎಂದು ನೋಡುತ್ತದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ವೆಬ್‌ಸೈಟನ್ನು ಸರ್ವರಿಗೆ ಏರಿಸಿದ ಕೂಡಲೇ ಚಿತ್ರಗಳೆಲ್ಲ ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ಇಷ್ಟನ್ನೂ ತೂಗಿ ನೋಡಿದರೆ, ಏನು ಬರೆಯಬೇಕೆಂದು ಇನ್ನೂ ನಿರ್ಧರಿಸದ ವಿದ್ಯಾರ್ಥಿಗೆ ವಿಂಡೋಸ್ ಇರುವ ಲ್ಯಾಪ್‌ಟಾಪ್ ಕೊಂಡು ಅದರೊಳಗೆ ಲಿನಕ್ಸನ್ನೂ ನಡೆಸುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕಾಗಿ ಮೈಕ್ರೋಸಾಫ್ಟ್ ತಾನೇ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯವನ್ನು 2016ರಲ್ಲಿ ತಂದಿತು. 2019ರಲ್ಲಿ ಪ್ರಕಟವಾದ ಅದರ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ವಿಂಡೋಸಿನ ಪಕ್ಕದಲ್ಲಿ ಓಡುತ್ತದೆ. ಆನ್‌ಲೈನ್ ಪರೀಕ್ಷೆಯ ತಂತ್ರಾಂಶ, ಮನೆಯವರ ಪ್ರಿಂಟರ್, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಾಗದಪತ್ರ ಇವೆಲ್ಲಕ್ಕೂ ವಿಂಡೋಸ್ ಹಾಗೆಯೇ ಇರುತ್ತದೆ, ಕಲಿಕೆಗೆ ಲಿನಕ್ಸೂ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಪ್ರಾಜೆಕ್ಟಿನ ಕಡತಗಳನ್ನು ವಿಂಡೋಸಿನ ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸಿನಿಂದ ತೆರೆಯುತ್ತಿದ್ದರೆ ಪ್ರತಿ ಕಡತವೂ ಎರಡು ವ್ಯವಸ್ಥೆಗಳ ನಡುವಿನ ಗಡಿ ದಾಟಿ ಬರಬೇಕಾಗುತ್ತದೆ, ಸಾವಿರಾರು ಸಣ್ಣ ಕಡತಗಳಿರುವ ವೆಬ್ ಪ್ರಾಜೆಕ್ಟ್ ತೆವಳತೊಡಗುತ್ತದೆ. ಲಿನಕ್ಸಿನ ಮನೆಯೊಳಗೇ ಅವನ್ನು ಇಟ್ಟರೆ ಈ ತೊಂದರೆಯಿಲ್ಲ. ಅನೇಕರು ಇದನ್ನರಿಯದೆ ಲ್ಯಾಪ್‌ಟಾಪೇ ನಿಧಾನವೆಂದು ದೂರುತ್ತಾರೆ.

ಸರ್ವರ್ ಕೆಲಸವೇ ತನ್ನದು ಎಂದು ನಿರ್ಧರಿಸಿದವರು ನೇರವಾಗಿ ಲಿನಕ್ಸನ್ನೇ ಹಾಕಿಕೊಳ್ಳಬಹುದು. ಅದರ ಹಲವು ರೂಪಗಳಲ್ಲಿ ಹೊಸಬರಿಗೆ ನಾನು ಹೇಳುವುದು ಉಬುಂಟು ಅಥವಾ ಲಿನಕ್ಸ್ ಮಿಂಟ್. 2004ರಿಂದ ಬರುತ್ತಿರುವ ಉಬುಂಟುವಿನ ಆವೃತ್ತಿ ಸಂಖ್ಯೆಯಲ್ಲೇ ವರ್ಷ ಮತ್ತು ತಿಂಗಳು ಅಡಗಿರುತ್ತದೆ, 24.04 ಎಂದರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘ ಬೆಂಬಲದ ಆವೃತ್ತಿಗೆ ಐದು ವರ್ಷ ಭದ್ರತಾ ತಿದ್ದುಪಡಿಗಳು ಸಿಗುತ್ತವೆ, ವಿದ್ಯಾರ್ಥಿಗಳು ಅದನ್ನೇ ಆರಿಸಬೇಕು. ಆದರೆ ಕೊಳ್ಳುವ ಲ್ಯಾಪ್‌ಟಾಪಿನ ವೈಫೈ ಮತ್ತು ಧ್ವನಿ ಲಿನಕ್ಸಿನಲ್ಲಿ ನಡೆಯುತ್ತವೆಯೇ ಎಂಬುದನ್ನು ಪೆನ್‌ಡ್ರೈವಿನಿಂದ ಒಮ್ಮೆ ಚಾಲೂ ಮಾಡಿ ನೋಡಿಕೊಳ್ಳುವುದು ಕ್ಷೇಮ. ಮ್ಯಾಕ್ ಒಳ್ಳೆಯ ಯಂತ್ರ, ಯುನಿಕ್ಸ್ ಕುಲದ್ದೇ; 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್ಪಿನಿಂದ ಈಚೆಗೆ ಅದರ ಬ್ಯಾಟರಿ ದೀರ್ಘಕಾಲ ಬಾಳುತ್ತದೆ. ಆದರೆ ಅಂಥ ಮ್ಯಾಕ್‌ಬುಕ್‌ಗಳ ಮೆಮೊರಿಯನ್ನು ಕೊಂಡ ಮೇಲೆ ಹೆಚ್ಚಿಸಲು ಆಗುವುದೇ ಇಲ್ಲ. ಐಫೋನಿನ ಕೆಲಸ ಖಚಿತವಾಗಿರುವವರನ್ನು ಬಿಟ್ಟು ಉಳಿದವರು ಅದಕ್ಕಾಗಿ ಸಾಲ ಮಾಡಬೇಕಿಲ್ಲ.

ಇನ್ನು ಯಂತ್ರದ ಮಾತು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಪ್ರೊಸೆಸರ್, ಆದರೆ ಪ್ರೋಗ್ರಾಮರನ್ನು ದಿನವೂ ಕಾಯಿಸುವುದು ಹೆಚ್ಚಾಗಿ ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಮತ್ತು ಡಿಸ್ಕ್. ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಎದ್ದು ನಿಲ್ಲುವಷ್ಟರಲ್ಲಿಯೇ ಸುಮಾರು ಮೂರು ಜಿಬಿ ಹೋಗಿರುತ್ತದೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಟ್ಟು, ಆಂಡ್ರಾಯ್ಡ್ ಸ್ಟುಡಿಯೋ ಚಾಲೂ ಮಾಡಿ, ಅದರೊಳಗಿನ ನಕಲಿ ಫೋನನ್ನೂ ಎಬ್ಬಿಸಿದರೆ ಉಳಿದದ್ದೂ ತುಂಬಿಹೋಗುತ್ತದೆ. ಆಗ ಕಾರ್ಯಾಚರಣ ವ್ಯವಸ್ಥೆ ರ‍್ಯಾಮಿನಲ್ಲಿರುವ ಮಾಹಿತಿಯ ಕೆಲವು ಭಾಗಗಳನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಈ ಓಡಾಟದ ಬೆಲೆ ಎಷ್ಟೆಂದರೆ, ರ‍್ಯಾಮಿನಿಂದ ಮಾಹಿತಿ ತರಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದು ಭಾವಿಸಿಕೊಂಡರೆ, ಅದೇ ಅಳತೆಯಲ್ಲಿ, ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಿಂದ ತರಲು ಸುಮಾರು ಕಾಲು ಗಂಟೆ, ಒಳಗೆ ತಟ್ಟೆ ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಿಂದ ತರಲು ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಬೇಕಾಗುತ್ತದೆ. ರ‍್ಯಾಮಿಗಿಂತ ಎಸ್‌ಎಸ್‌ಡಿ ಸುಮಾರು ಸಾವಿರ ಪಟ್ಟು, ಹಾರ್ಡ್‌ಡಿಸ್ಕ್ ಸುಮಾರು ಲಕ್ಷ ಪಟ್ಟು ನಿಧಾನ ಎಂಬ ಲೆಕ್ಕದಿಂದ ಬಂದದ್ದು ಇದು. ಪ್ರೋಗ್ರಾಮರನ ಡಿಸ್ಕಿನಲ್ಲಿರುವುದು ಸಾವಿರಾರು ಸಣ್ಣ ಸಣ್ಣ ಕಡತಗಳು. ಹಾರ್ಡ್‌ಡಿಸ್ಕ್ ಒಂದೊಂದಕ್ಕೂ ತನ್ನ ಮುಳ್ಳನ್ನು ಅತ್ತಿತ್ತ ಸರಿಸಬೇಕು.

ಆದ್ದರಿಂದ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಎಂಬುದನ್ನು ಗುರಿಯಾಗಿಟ್ಟುಕೊಳ್ಳಿ. ಈಗ ಅಷ್ಟು ದುಡ್ಡಿಲ್ಲದಿದ್ದರೆ ಎಂಟು ಜಿಬಿಯದನ್ನೇ ಕೊಳ್ಳಿ, ಆದರೆ ಎರಡನೆಯ ರ‍್ಯಾಮ್ ಕೂರಿಸಲು ಒಳಗೆ ಖಾಲಿ ಸ್ಲಾಟ್ ಇರುವುದನ್ನೇ ಹುಡುಕಿ. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಅವುಗಳಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಪ್ರೊಸೆಸರಿನ ವಿಷಯದಲ್ಲಿ ಮೇಲೆ ಅಂಟಿಸಿರುವ ಇಂಟೆಲ್ ಕಂಪನಿಯ ಐ3, ಐ5 ಎಂಬ ಚೀಟಿಯನ್ನಷ್ಟೇ ನೋಡಿ ದುಡ್ಡು ಕೊಟ್ಟವರು ಬಹಳ. 2012ರ ಐ5-3210ಎಂ ಎಂಬುದರಲ್ಲಿ ಇರುವುದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ, 2022ರ ಐ3-1215ಯುನಲ್ಲಿ ಆರು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಹಳೆಯ ಐ5 ತೋರಿಸಿ ಇದು ಐ3ಗಿಂತ ಮೇಲು ಎಂದರೆ ಒಪ್ಪಬೇಡಿ, ಮುಂದಿನ ಸಂಖ್ಯೆಯನ್ನೂ ಓದಿ. ಎಎಂಡಿ ಕಂಪನಿಯವುಗಳಲ್ಲಿಯೂ ಹಾಗೆಯೇ: ರೈಜನ್ 5 7520ಯು ಮತ್ತು ರೈಜನ್ 5 7530ಯು ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಮೊದಲನೆಯದು ಹಳೆಯ ವಿನ್ಯಾಸದ ನಾಲ್ಕು ಕೋರಿನದು, ಎರಡನೆಯದು ಅದಕ್ಕಿಂತ ಹೊಸ ವಿನ್ಯಾಸದ ಆರು ಕೋರಿನದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಆಟ ಬರೆಯುವವರಿಗೆ ಮತ್ತು ಯಂತ್ರ ಕಲಿಕೆಯ ಮಾದರಿಗಳನ್ನು ತರಬೇತುಗೊಳಿಸುವವರಿಗೆ ಮಾತ್ರ ಬೇಕು. ಕಲಿಯುವ ಹಂತದಲ್ಲಿ ಅದಕ್ಕೂ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳು ಮಿತಿಯೊಳಗೆ ಉಚಿತವಾಗಿ ಒದಗುತ್ತವೆ. ಪರದೆ 1920ಕ್ಕೆ 1080 ಚುಕ್ಕೆಗಳದಾಗಿರಲಿ. ಹಳೆಯ 1366ಕ್ಕೆ 768ರ ಪರದೆಗಿಂತ ಅದರಲ್ಲಿ ಸುಮಾರು ಎರಡು ಪಟ್ಟು ಚುಕ್ಕೆಗಳಿವೆ, ಒಂದೇ ನೋಟಕ್ಕೆ ಹೆಚ್ಚು ಸಾಲುಗಳು ಸಿಗುತ್ತವೆ.

ನಮ್ಮ ಕಡೆಯ ಬಿಸಿಲನ್ನು ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರಗಳಲ್ಲಿ ಪಾರ 40 ಡಿಗ್ರಿ ಮುಟ್ಟುತ್ತದೆ. ಪ್ರೊಸೆಸರ್ ತನ್ನ ಬಿಸಿಯನ್ನು ಫ್ಯಾನಿನ ಮೂಲಕ ಹೊರಗಿನ ಗಾಳಿಗೆ ಬಿಡಬೇಕು. ಒಳಗೆ ಬರುವ ಗಾಳಿಯೇ ಕಾದಿದ್ದರೆ ಬಿಸಿ ಬೇಗ ಇಳಿಯುವುದಿಲ್ಲ, ಆಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಕಂಪೈಲ್ ನಿಧಾನವಾಗಿ, ಬೆಳಗಿನ ಆರಕ್ಕೆ ಅದೇ ಕೆಲಸ ಚುರುಕಾಗಿ ನಡೆಯುವುದನ್ನು ಇಲ್ಲಿ ಯಾರು ಬೇಕಾದರೂ ನೋಡಬಹುದು. ತೀರ ತೆಳ್ಳನೆಯ, ಫ್ಯಾನಿಲ್ಲದ ಯಂತ್ರ ಈ ಸೀಮೆಗೆ ಒಗ್ಗುವುದು ಕಷ್ಟ. ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುವ ಮಕ್ಕಳು ಅದರ ಅಡಿಯ ಗಾಳಿಕಿಂಡಿಗಳನ್ನೇ ಮುಚ್ಚಿರುತ್ತಾರೆ. ಕೆಳಗೆ ಒಂದು ಮಣೆ ಇಟ್ಟರೂ ಸಾಕು. ಎರೆಮಣ್ಣಿನ ಸಣ್ಣ ಧೂಳು ಫ್ಯಾನಿನಲ್ಲಿ ಕೂರುವುದರಿಂದ ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಬೇಕು.

ಮನೆಯಲ್ಲೇ ಕುಳಿತು ಕೆಲಸ ಮಾಡುವವರಿಗೆ ಅದೇ ದುಡ್ಡಿನಲ್ಲಿ ಡೆಸ್ಕ್‌ಟಾಪ್ ಹೆಚ್ಚು ಶಕ್ತಿಯದು ಸಿಗುತ್ತದೆ, ರಿಪೇರಿಯೂ ಸುಲಭ. ಆದರೆ ಕರೆಂಟ್ ಹೋದ ಗಳಿಗೆಯಲ್ಲೇ ಅದು ಆರಿಹೋಗುವುದರಿಂದ ಯುಪಿಎಸ್‌ನ ಬೆಲೆಯನ್ನೂ ಕೂಡಿಸಿಕೊಂಡು ಲೆಕ್ಕ ಹಾಕಬೇಕು. ಹಾಸ್ಟೆಲ್ ಸೇರುವವರಿಗೆ ಲ್ಯಾಪ್‌ಟಾಪೇ ಸರಿ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದವರು ಹೊಸದನ್ನು ಕೊಳ್ಳುವ ಮೊದಲು ಒಮ್ಮೆ ಯೋಚಿಸಲಿ ಎಂದು ನನ್ನ ಕೋರಿಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ಸೌಲಭ್ಯ ಬೇಕು; ಇಂಟೆಲ್‌ನಲ್ಲಾದರೆ ಬಹುಪಾಲು ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನಷ್ಟೇ ಅದು ಅಧಿಕೃತವಾಗಿ ಒಪ್ಪುತ್ತದೆ. ಅದಕ್ಕಿಂತ ಹಳೆಯವು ಗುಜರಿಗೆ ಹೋಗಬೇಕಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು ಎಂಟು ಜಿಬಿಗೆ ಏರಿಸಿ, ಲಿನಕ್ಸ್ ಮಿಂಟ್ ಹಾಕಿಕೊಂಡರೆ ಸಿ, ಪೈಥಾನ್, ಡೇಟಾಬೇಸ್, ವೆಬ್ ಇವನ್ನೆಲ್ಲ ಕಲಿಯಲು ಅದು ಧಾರಾಳವಾಗಿ ಸಾಕು. ಆಂಡ್ರಾಯ್ಡ್ ಸ್ಟುಡಿಯೋಗೆ ಮಾತ್ರ ಸಾಲದು.

ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಬೇರೆ ಬೇರೆಯಾಗಿ ಹಾಕಿಕೊಂಡು, ಚಾಲೂ ಮಾಡುವಾಗ ಒಂದನ್ನು ಆರಿಸುವ ಡ್ಯುಯಲ್ ಬೂಟ್ ಪದ್ಧತಿಯನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಹಿಂದೊಮ್ಮೆ ಲಿನಕ್ಸ್ ಹಾಕುವಾಗ ಡಿಸ್ಕಿನ ತಪ್ಪು ಭಾಗವನ್ನು ಆರಿಸಿ, ನಾನೇ ಮೂರು ವರ್ಷದ ಕಡತಗಳನ್ನು ಕಳೆದುಕೊಂಡೆ. ಅದರಲ್ಲಿ ಕೆಲಸದ ಕೋಡ್ ಅಷ್ಟೇ ಅಲ್ಲ, ಮನೆಯ ಫೋಟೋಗಳೂ ಇದ್ದವು. ಇಂದಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಹಲವುಗಳ ಡಿಸ್ಕ್ ಮೊದಲೇ ಗೂಢಲಿಪಿಯಲ್ಲಿರುತ್ತದೆ, ಚಾಲೂ ಆಗುವ ಕ್ರಮವನ್ನು ಬದಲಿಸಿದರೆ ಅದು 48 ಅಂಕೆಗಳ ರಿಕವರಿ ಕೀ ಕೇಳಿ ನಿಲ್ಲಬಹುದು. ಆ ಕೀ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯವರೇ ತಮ್ಮ ಖಾತೆಯಿಂದ ಲ್ಯಾಪ್‌ಟಾಪ್ ಸಿದ್ಧಮಾಡಿ ಕೊಟ್ಟಿದ್ದರೆ ಗತಿಯೇನು? ಖಾತೆಯನ್ನು ವಿದ್ಯಾರ್ಥಿಯೇ ತನ್ನ ಹೆಸರಿನಲ್ಲಿ ತೆರೆಯಬೇಕು, ಕೀಯನ್ನು ಕಾಗದದ ಮೇಲೆ ಬರೆದಿಡಬೇಕು, ಮುಖ್ಯ ಕಡತಗಳ ನಕಲನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟ ಮೇಲೆಯೇ ಇಂಥ ಕೆಲಸಕ್ಕೆ ಕೈಹಾಕಬೇಕು. ಬರೆದ ಕೋಡನ್ನಂತೂ ಪ್ರತಿ ಸಂಜೆ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶವಾದ ಗಿಟ್‌ನಲ್ಲಿ ದಾಖಲಿಸಿ ದೂರದ ಸರ್ವರಿಗೆ ಕಳುಹಿಸುವ ರೂಢಿ ಮೊದಲ ತಿಂಗಳಿನಿಂದಲೇ ಬರಲಿ.

ಬೀಳಗಿಯ ಆ ಹುಡುಗಿಗೆ ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದು ನಾಲ್ಕೇ ಮಾತು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟಕ್ಕೆ ಹೋದರೆ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಾಗಿವೆ ಎಂಬುದು ಅಲ್ಲೇ ಕಾಣುತ್ತದೆ. ಡಿಸ್ಕಿನ ಪುಟದಲ್ಲಿ ಎಸ್‌ಎಸ್‌ಡಿಯೋ ಹಾರ್ಡ್‌ಡಿಸ್ಕೋ ಎಂಬುದು ಬರೆದಿರುತ್ತದೆ. ಪ್ರೊಸೆಸರಿನ ಪುಟದಲ್ಲಿ ಪೂರ್ತಿ ಹೆಸರು ಮತ್ತು ಕೋರ್‌ಗಳ ಸಂಖ್ಯೆ ಇರುತ್ತದೆ. ವಾರಂಟಿಯ ಸೇವಾ ಕೇಂದ್ರ ಬಾಗಲಕೋಟೆಯಲ್ಲೇ ಇದೆಯೇ, ಇಲ್ಲ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕೇ ಎಂಬುದನ್ನು ಬಾಯಿಬಿಟ್ಟು ಕೇಳಬೇಕು. ಎರಡು ದಿನ ಬಿಟ್ಟು ಅಂಗಡಿಯಿಂದಲೇ ಅವಳ ಫೋನ್ ಬಂತು. “ಸರ, ಎಂಟು ಜಿಬಿ ಐತ್ರಿ, ಎರಡು ಸ್ಲಾಟಿನ್ಯಾಗ ಒಂದ ತುಂಬೇತಿ, ಒಂದ ಖಾಲಿ ಐತಿ. ತಗೊಳ್ಳಲ್ರಿ?” ಡಿಸ್ಕ್ ಯಾವುದೆಂದು ಕೇಳಿದೆ; ಎಸ್‌ಎಸ್‌ಡಿ, 512 ಎಂದಳು. ತಗೋ ತಂಗಿ ಎಂದೆ.